ಕಂಪ್ಯೂಟರಿನಿಂದ ಬಂದ ನನ್ನ ದನಿ

ನಿಮ್ಮ ಅಪ್ಪ ನನ್ನ ದನಿಯನ್ನು ಮೊದಲ ಸಲ ಸರಿಯಾಗಿ ಕೇಳಿದ್ದು ಕಂಪ್ಯೂಟರಿನಿಂದ. ನಿಮ್ಮ ಅಮ್ಮನ ಮದುವೆಯಾಗಿ ವರ್ಷಗಳೇ ಕಳೆದಿದ್ದರೂ ಅಳಿಯನೆದುರು ನಾನು ಬಾಯಿ ಬಿಟ್ಟವಳಲ್ಲ. ಬಾಗಿಲ ಮರೆಯಲ್ಲಿ ನಿಂತು, "ಊಟಕ್ಕೆ ಏಳ್ತಾರಾ ಕೇಳು" ಎಂದು ಮಗಳಿಗೆ ಪಿಸುಗುಟ್ಟುತ್ತಿದ್ದೆ. ಅವರು ಅಲ್ಲೇ ಕೂತಿರುತ್ತಿದ್ದರು. ನಮ್ಮೂರಿನ ಮರ್ಯಾದೆ ಹಾಗೆ.

ನಿಮ್ಮ ತಾತ ತೀರಿಕೊಂಡ ಮೇಲೆ ನಾನು ಮದರಾಸಿಗೆ, ವೆಸ್ಟ್ ಮಾಂಬಲಂನ ಈ ಮನೆಗೆ ಬಂದೆ. ನೀವಿಬ್ಬರೂ ಇನ್ನೂ ಹುಟ್ಟಿರಲಿಲ್ಲ. ನಿಮ್ಮ ಅಮ್ಮ ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದಳು. ಅಲ್ಲಿಂದ ಒಂದು ಪೆಟ್ಟಿಗೆ ತಂದು ಕಂಪ್ಯೂಟರಿಗೆ ಸಿಕ್ಕಿಸಿ, ಕಿಟಕಿಯಾಚೆ ತಂತಿ ಇಳಿಬಿಟ್ಟು, ಅದನ್ನು ರೇಡಿಯೋ ಮಾಡುತ್ತೇನೆಂದು ಕೂತಿದ್ದಳು. ಬರುತ್ತಿದ್ದದ್ದು ಬರೀ ಕರಕರ ಸದ್ದು. ನಾನು ಕಂಡ ರೇಡಿಯೋಗಳಿಗೆ ತಿರುಪು ಇತ್ತು, ಮುಳ್ಳು ಇತ್ತು. ಇದಕ್ಕೆ ಎರಡೂ ಇರಲಿಲ್ಲ.

"ತಿರುಪು, ಮುಳ್ಳು ಎಲ್ಲಾ ಪ್ರೋಗ್ರಾಮಲ್ಲೇ ಇದೆ ಅಮ್ಮ. ಯಾರ್ಯಾರೋ ಬರೆದು ಇಂಟರ್ನೆಟ್ಟಲ್ಲಿ ಹಾಕಿದಾರೆ. ಪುಕ್ಕಟೆ. ಬಿಚ್ಚಿ ನೋಡಬಹುದು, ನಮಗೆ ಬೇಕಾದ ಹಾಗೆ ಬದಲಾಯಿಸ್ಕೋಬಹುದು."

"ಗುಟ್ಟು ಇಟ್ಕೊಳ್ಳದೆ ಕೊಟ್ಟುಬಿಟ್ರಾ?"

"ಗುಟ್ಟೇ ಇಲ್ಲ ಅದರಲ್ಲಿ."

ಗುಟ್ಟು ನನ್ನಲ್ಲಿತ್ತು. ಮಗಳ ಮನೆಯಲ್ಲಿ ತಾಯಿ ನೆಲೆ ನಿಲ್ಲಬಾರದೆಂಬ ಮಾತು ಕೇಳಿಯೇ ಬೆಳೆದವಳು ನಾನು. ಊರಿನಲ್ಲಿ ಅಕ್ಕನ ಮನೆಗೆ ಹೋಗಿಬಿಡುವುದೆಂದು ಒಳಗೊಳಗೇ ನಿಶ್ಚಯಿಸಿದ್ದೆ. ಮನೆಯಲ್ಲಿದ್ದದ್ದು ಕಾರ್ಡ್‌ಲೆಸ್ ಫೋನು. ಅಕ್ಕ ಫೋನ್ ಮಾಡಿದಾಗ ಅದನ್ನು ಹಿಡಿದು, ಬಟ್ಟೆ ಒಣಗಿಸುವ ಬಾಲ್ಕನಿಗೆ ಹೋಗಿ ಬಾಗಿಲು ಎಳೆದುಕೊಳ್ಳುತ್ತಿದ್ದೆ. ತಂತಿಯೇ ಇಲ್ಲದ ಮೇಲೆ ನನ್ನ ಮಾತು ಬೇರೆಯವರ ಕಿವಿಗೆ ಹೇಗೆ ಹೋದೀತು ಎಂದು ನನ್ನ ನಂಬಿಕೆ.

ಒಂದು ಭಾನುವಾರ ಮಧ್ಯಾಹ್ನ ಹಾಗೇ ಮಾತಾಡುತ್ತಿದ್ದೆ. ಅಕ್ಕನ ಜೊತೆ ನನ್ನ ಗಂಟಲೇ ಬೇರೆ, ನಗುವೇ ಬೇರೆ.

"ದೀಪಾವಳಿ ಮುಗಿಸ್ಕೊಂಡು ಬಂದುಬಿಡ್ತೀನಿ ಕಣಕ್ಕ. ಹೊರಡೋ ದಿನಾನೇ ಇವರಿಗೆ ಹೇಳೋದು, ಇಲ್ದಿದ್ರೆ ಬಿಡಲ್ಲ. ಅಳಿಯ ಚಿನ್ನದಂಥೋರು. ಆದ್ರೂ ಎಷ್ಟು ದಿನಾಂತ ಅವರ ಅನ್ನ ಉಣ್ಲಿ?"

ಬಾಯಾರಿತು. ಫೋನು ಕಿವಿಗಿಟ್ಟುಕೊಂಡೇ ಒಳಗೆ ಬರುತ್ತಾ, "ಇರಕ್ಕ, ನೀರು ಕುಡೀತೀನಿ" ಎಂದೆ.

"ಇರಕ್ಕ, ನೀರು ಕುಡೀತೀನಿ" ಎಂದಿತು ನಡುಮನೆ.

ನನ್ನದೇ ದನಿ. ನನಗಿಂತ ಒಂದು ಕ್ಷಣ ತಡವಾಗಿ, ಕಂಪ್ಯೂಟರಿನ ಸ್ಪೀಕರಿನಿಂದ. ನಿಮ್ಮ ಅಪ್ಪ ನನಗೆ ಬೆನ್ನು ಮಾಡಿ, ನಿಮ್ಮ ಅಮ್ಮನ ಪಕ್ಕದಲ್ಲಿ ಕೂತು ಕೇಳುತ್ತಿದ್ದರು. ಮದರಾಸಿನಲ್ಲೇ ಹುಟ್ಟಿ ಬೆಳೆದವರು; ಅವರ ತಮಿಳು ಬೆರೆತ ಕನ್ನಡ ನಿಮಗೆ ಗೊತ್ತೇ ಇದೆ.

"ಪಕ್ಕತ್ತು ಫ್ಲಾಟಲ್ಲಿ ನಮ್ಮ ಕನ್ನಡದವ್ರು ಇದಾರಾ? ಯಾರೋ ಪಾಪ, ಹೇಳ್ದೇನೇ ಮನೆ ಬಿಟ್ಟು ಹೋಗ್ತಾರಂತೆ. ಅಳಿಯ ಚಿನ್ನವಂತೆ. ಚಿನ್ನ ಆದ್ರೆ ಯಾಕೆ ಹೋಗ್ಬೇಕು? ಅವನು ಏನೋ ಮಾಡಿದಾನೆ ಪೋಲ, ಹಾಗೇ ಕಾಣತ್ತೆ."

ನಿಮ್ಮ ಅಮ್ಮ ತಿರುಗಿ ನನ್ನನ್ನೇ ನೋಡುತ್ತಿದ್ದಳು. "ಆ ಅಳಿಯ ನೀವೇ ರೀ. ಅಮ್ಮನ ಕಾರ್ಡ್‌ಲೆಸ್ ಫೋನೂ ಒಂದು ರೇಡಿಯೋನೇ, ಅದನ್ನೇ ಹಿಡಿದಿದೆ ಇದು" ಎಂದಳು.

ಅವರೂ ತಿರುಗಿದರು. "ಏನಾಯ್ತೇ, ಇದೀಯಾ?" ಎಂದು ಅಕ್ಕ ಕಿವಿಯಲ್ಲೂ ಕೇಳಿದಳು, ಸ್ಪೀಕರಿನಲ್ಲೂ ಕೇಳಿದಳು. ಸೆರಗು ಜಾರಿರಲಿಲ್ಲ, ಆದರೂ ಎರಡು ಕೈಯಿಂದ ಎಳೆದು ಹೊದ್ದುಕೊಂಡೆ. ಬಚ್ಚಲುಮನೆಯ ಗೋಡೆ ಬಿದ್ದುಹೋದ ಹಾಗಾಗಿತ್ತು. ಇಷ್ಟು ದಿನ ಇನ್ನೂ ಯಾರ ಮನೆಯಲ್ಲಿ ನಾನು ನಕ್ಕಿದ್ದೆನೋ, ಅತ್ತಿದ್ದೆನೋ.

ಆಮೇಲೆ ನಿಮ್ಮ ಅಪ್ಪ ನನ್ನ ಕಡೆ ನೋಡದೆ, ಗೋಡೆ ನೋಡುತ್ತಾ, ನಾನು ಹೇಳಿಸುತ್ತಿದ್ದ ಹಾಗೆಯೇ ಹೆಂಡತಿಯ ಕೈಲಿ ಹೇಳಿಸಹೊರಟರು.

"ರೈಲ್ವೆಯಲ್ಲಿರೋದು ನಾನು. ದೀಪಾವಳಿಗೆ ಅತ್ತೆಗೆ ಟಿಕೆಟ್ ಸಿಗಲ್ಲ, ಪೊಂಗಲ್‌ಗೂ ಸಿಗಲ್ಲ ಅಂತ ಹೇಳು ನಿಮ್ಮಮ್ಮನ ಹತ್ರ."

ನಿಮ್ಮ ಅಮ್ಮ ಬಾಯಿ ತೆರೆಯುವ ಮೊದಲೇ ನಾನು, ಅವರಿಗೇ ನೇರವಾಗಿ, "ಸರಿ" ಎಂದೆ. ಫೋನು ಇನ್ನೂ ಕೈಯಲ್ಲಿತ್ತು. ಸ್ಪೀಕರೂ "ಸರಿ" ಎಂದಿತು.