ಗಾಜಿನ ಮೇಲಿನ ಕುಂಕುಮ

ಪ್ರಭಾಕರ, ಆ ವಿಜಯದಶಮಿಯ ದಿನ ಮಿಷನ್ನು ಕೈಕೊಟ್ಟದ್ದು ನಿನ್ನ ಕೆಲಸದ ದೋಷದಿಂದಲ್ಲ. ನನ್ನಿಂದ. ನೀನು ಬೇಡವೆಂದ ಜಾಗಕ್ಕೆ ನಾನು ಗಂಧ ಕುಂಕುಮ ಹಚ್ಚಿದ್ದೆ — ಆಮೇಲೆ ಯಾರಿಗೂ ಕಾಣದ ಹಾಗೆ ಒರೆಸಿಯೂ ಬಿಟ್ಟೆ.

ಇಷ್ಟು ಬರೆಯುವುದಕ್ಕೆ ಇಷ್ಟು ವರ್ಷ ಬೇಕಾಯಿತು. ನಿನ್ನ ಎದುರು ಬಾಯಿಬಿಟ್ಟು ಹೇಳಲೇಬೇಕಾದದ್ದು ಇದು, ಹೇಳುತ್ತೇನೆ ಕೂಡ. ಆದರೆ ನನ್ನ ನಾಲಗೆಯನ್ನು ನಾನು ಬಲ್ಲೆ. ಅರ್ಧಕ್ಕೆ ಬಂದು ಅಡುಗೆಯ ಮಾತಿಗೆ ಹೊರಳಿಬಿಡುತ್ತದೆ. ಅದಕ್ಕೇ ಮೊದಲು ಬರೆದುಕೊಳ್ಳುತ್ತಿದ್ದೇನೆ. ನಿನಗೆ ಗೊತ್ತಿರುವುದನ್ನೂ ಬರೆಯುತ್ತೇನೆ — ಗೊತ್ತಿರುವುದನ್ನು ಹೇಳುತ್ತಾ ಹೋದರೆ ಗೊತ್ತಿಲ್ಲದ್ದನ್ನು ಹೇಳುವ ಧೈರ್ಯವೂ ಬಂದೀತು.

ನೀನೂ ನಮ್ಮ ಮನೆಯವರೂ ಒಂದೇ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವರು. ಪೆನ್ಷನ್ ಇದ್ದ ನೌಕರಿ. ಇವರು ಮೊದಲು ಬಿಟ್ಟರು, ಹಿಂದೆಯೇ ನೀನೂ ಬಿಟ್ಟೆ. ಜಯನಗರದ ನಮ್ಮ ಬೀದಿಯಲ್ಲಿ ಜನ ಎಷ್ಟು ನಕ್ಕರು! ಇಂಜಿನಿಯರುಗಳು ಪೊಟ್ಟಣ ಕಟ್ಟೋಕೆ ಹೋದರಂತೆ ಎಂದು. ಆಗಿನ್ನೂ ಪ್ಲಾಸ್ಟಿಕ್ ಕವರಿನ ಬಾಯನ್ನು ಮೇಣದ ಬತ್ತಿಯ ಉರಿಗೆ ಹಿಡಿದು ಅಂಟಿಸುತ್ತಿದ್ದ ಕಾಲ. ಬೆರಳು ಸುಟ್ಟುಕೊಂಡು ಕೆಲಸ ಮಾಡುವ ಹೆಂಗಸರನ್ನು ನೋಡಿ, ಈ ಕೆಲಸಕ್ಕೆ ನಾವು ಮಿಷನ್ ಮಾಡೋಣ ಎಂದವರು ನೀವಿಬ್ಬರು. ಕೋಣನಕುಂಟೆಯಲ್ಲಿ ರಾಗಿ ಹೊಲದ ಅಂಚಿಗೆ ಷೀಟು ಹೊದಿಸಿದ ಒಂದು ಶೆಡ್ಡು ಬಾಡಿಗೆಗೆ ಹಿಡಿದಿರಿ. ಪುಡಿ ಸುರಿಯುವುದು, ಬಾಯಿ ಅಂಟಿಸುವುದು, ಕತ್ತರಿಸುವುದು — ಮೂರೂ ತಾನೇ ಮಾಡುವ ಮಿಷನ್ನು. ಹಲ್ಲುಚಕ್ರ, ಚೈನು, ಬ್ಲೇಡು ಇವರದು. ಕರೆಂಟಿನ ಬುದ್ಧಿ ಎಲ್ಲ ನಿನ್ನದು.

ಆ ಬುದ್ಧಿಯ ತುದಿಯಲ್ಲಿ ಒಂದು ಸಣ್ಣ ಗಾಜಿತ್ತು, ಬೆರಳು ಹೋಗುವಷ್ಟು ಅಗಲದ ಕೊಳವೆಯೊಳಗೆ. ಚಿತ್ರ ಅಚ್ಚಾದ ಪ್ಲಾಸ್ಟಿಕ್ ಸುರುಳಿ ಅದರ ಕೆಳಗೆ ಹಾಯುವಾಗ, ಅಂಚಿನಲ್ಲಿರುವ ಕರಿ ಗೆರೆ ಆ ಗಾಜಿಗೆ ಕಂಡ ಕೂಡಲೇ ಬ್ಲೇಡು ಇಳಿಯಬೇಕು. ಗೆರೆ ಕಾಣದಿದ್ದರೆ ಎಲ್ಲೆಂದರಲ್ಲಿ ಕತ್ತರಿಸುತ್ತದೆ, ಚಿತ್ರ ಹೋಳಾಗುತ್ತದೆ. ನೀನು ಇದನ್ನು ನನಗೆ ಅಡುಗೆಮನೆಯ ಹೊಸ್ತಿಲ ಮೇಲೆ ಕೂತು, ಕಾಫಿ ಲೋಟ ಆಚೆ ಈಚೆ ಸರಿಸಿ ತೋರಿಸಿಕೊಟ್ಟಿದ್ದೆ. ಅರ್ಥವಾಗಿತ್ತು. ತಿಳಿಯದೆ ಮಾಡಿದೆ ಎಂದು ನಾನು ಹೇಳುವಂತಿಲ್ಲ.

ಸಾಂಬಾರ್ ಪುಡಿಯ ದೊಡ್ಡ ಸಾಹುಕಾರರೊಬ್ಬರು ಮಿಷನ್ ನೋಡಲು ಒಪ್ಪಿದರು. ಹೊಸ ವ್ಯವಹಾರಕ್ಕೆ ವಿಜಯದಶಮಿಯೇ ಆಗಬೇಕು ಎಂದರು. ಅವರು ಕೊಂಡರೆ ಹಿಂದೆಯೇ ನಾಲ್ಕು ಜನ ಕೊಳ್ಳುತ್ತಾರೆ, ಇಲ್ಲದಿದ್ದರೆ ಶೆಡ್ಡಿಗೆ ಬೀಗ — ನಿಮ್ಮಿಬ್ಬರ ಮುಖದಲ್ಲೂ ಅದೇ ಬರೆದಿತ್ತು.

ಹಿಂದಿನ ದಿನ ಆಯುಧಪೂಜೆ. ನಿಮ್ಮ ಮನೆಯಲ್ಲಿ ಬುದ್ಧನ ಪಟವೊಂದೇ. ನಮ್ಮ ಪೂಜೆ ಪುನಸ್ಕಾರ ನಿನಗಿರಲಿಲ್ಲ. ಆದರೂ ಬೆಳಿಗ್ಗೆಯೇ ಮಾರ್ಕೆಟ್ಟಿಗೆ ಹೋಗಿ ಸೇವಂತಿಗೆ ಹೂ ತಂದವನು ನೀನೇ. ಮಿಷನ್ನಿಗೆ ಹಾರ ಹಾಕಿಕೊಟ್ಟು ಕೈ ಒರೆಸಿಕೊಳ್ಳುತ್ತಾ ನೀನು ಅಂದದ್ದು ಇನ್ನೂ ನನ್ನ ಕಿವಿಯಲ್ಲಿದೆ.

“ಪೂಜೆ ನಿಮ್ದು ಅತ್ತಿಗೆ, ಕಡ್ಲೆಪುರಿ ನಂದು. ಒಂದೇ ಒಂದು ಮಾತು — ಆ ಗಾಜಿಗೆ ಮಾತ್ರ ಏನೂ ಹಚ್ಬೇಡಿ. ಧೂಳು ಕೂತ್ರೂ ಅದಕ್ಕಾಗಲ್ಲ.”

“ಆಯ್ತಪ್ಪಾ, ನಿನ್ನ ಗಾಜು ನಿನಗೇ ಇರ್ಲಿ,” ಎಂದೆ ನಾನು.

ಬೂದುಗುಂಬಳಕಾಯಿ ಒಡೆಯಲು ಎಲ್ಲರೂ ಬಾಗಿಲ ಹೊರಗೆ ಹೋದರು. ನಾನು ಗಂಧದ ಬಟ್ಟಲು ಹಿಡಿದು ಒಳಗೇ ಉಳಿದೆ. ಸುತ್ತಿಗೆಗೆ ಹಚ್ಚಿದ್ದೆ, ತಕ್ಕಡಿಗೆ ಹಚ್ಚಿದ್ದೆ, ಸ್ಕೂಟರಿಗೆ, ಬಾಗಿಲ ಬೀಗಕ್ಕೆ ಕೂಡ. ಎಲ್ಲಕ್ಕಿಂತ ಮುಖ್ಯವಾದದ್ದನ್ನೇ ಹಾಗೇ ಬಿಡುವುದೇ? ನಾಳೆ ಏನಾದರೂ ಹೆಚ್ಚುಕಡಿಮೆಯಾದರೆ? ಇದು ಹೇಳಿಕೊಳ್ಳಲು ಚೆನ್ನಾಗಿರುವ ಕಾರಣ. ಇನ್ನೊಂದೂ ಇತ್ತು — ಇವನಿಗೇನು ಗೊತ್ತು ಪೂಜೆ ಎಂದರೆ, ನನಗೆ ಹೇಳಿಕೊಡಲು ಬರುತ್ತಾನೆ ಎಂಬ ಸಿಡುಕು. ನೀನು ನನ್ನ ಮನೆಯಲ್ಲಿ ಎಷ್ಟು ಸಲ ಉಂಡಿದ್ದೆ, ಮೈದುನ ಎಂದೇ ಕರೆಯುತ್ತಿದ್ದೆ ನಾನು, ಆದರೂ ಒಳಗೆಲ್ಲೋ ಅದು ಕೂತಿತ್ತು. ಅದನ್ನು ಬಿಟ್ಟು ಬರೆದರೆ ಈ ಬರವಣಿಗೆಯೇ ಸುಳ್ಳು. ಉಂಗುರದ ಬೆರಳನ್ನು ಕೊಳವೆಯೊಳಗೆ ತೂರಿಸಿ ಗಾಜಿಗೆ ಗಂಧ ಹಚ್ಚಿ, ಮೇಲೆ ಕುಂಕುಮ ಇಟ್ಟೆ.

ಪೂಜೆಗೆ ಕೂತ ಮಿಷನ್ನನ್ನು ಮರುದಿನದವರೆಗೆ ಮುಟ್ಟುವಂತಿಲ್ಲ. ಬೆಳಿಗ್ಗೆ ಒಮ್ಮೆ ಓಡಿಸಿ ನೋಡೋಣ ಎಂದುಕೊಂಡು ನೀನು ಬೇಗ ಬಂದೆ. ಸಾಹುಕಾರರು ನಿನಗಿಂತ ಬೇಗ ಬಂದು ಕುರ್ಚಿಯಲ್ಲಿ ಕೂತಿದ್ದರು. ಸ್ವಿಚ್ಚು ಹಾಕಿದಿರಿ. ಪೊಟ್ಟಣದ ಮೇಲೆ ಸಾರಿನ ಪಾತ್ರೆ ಹಿಡಿದು ನಗುವ ಹೆಂಗಸಿನ ಚಿತ್ರ. ಮೊದಲನೆಯ ಪೊಟ್ಟಣದಲ್ಲಿ ಪಾತ್ರೆ ಬಂತು, ಸೆರಗು ಬಂತು, ಕತ್ತಿನವರೆಗೂ ಬಂತು. ತಲೆ ಮುಂದಿನ ಪೊಟ್ಟಣದ ಬುಡದಲ್ಲಿ ಬಿತ್ತು. ಅದರ ಮುಂದಿನದರಲ್ಲಿ ಮೂಗಿನ ಮೇಲೇ ಬ್ಲೇಡು. ಯಾರೋ ಹಿಂದೆ ಕಿಸಕ್ಕನೆ ನಕ್ಕರು.

“ಏನ್ ಸ್ವಾಮಿ ಇದು, ಹಬ್ಬದ ದಿನ ನಮ್ಮ ಹೆಂಗ್ಸಿನ ತಲೆ ಕಡಿದು ತೋರಿಸ್ತೀರಲ್ಲ!” ಎಂದು ಸಾಹುಕಾರರು ಎದ್ದೇಬಿಟ್ಟರು.

ಅವರನ್ನು ಒಲಿಸಲು ಎಲ್ಲರೂ ಕಾರಿನವರೆಗೆ ಓಡಿದಿರಿ. ನನಗೆ ಆಗಲೇ ಗೊತ್ತಾಗಿತ್ತು. ಬಗ್ಗಿ ನೋಡಿದೆ — ಕೊಳವೆಯೊಳಗೆ ಗಂಧ ಒಣಗಿ ಗಟ್ಟಿಯಾಗಿತ್ತು, ಕೆಂಪು. ಆಗ ನಾನು ಹೊರಗೆ ಓಡಿಬಂದು ಹೇಳಬಹುದಿತ್ತು. ಕಾರು ಇನ್ನೂ ಹೊರಟಿರಲಿಲ್ಲ. ಐದು ನಿಮಿಷದ ನಾಚಿಕೆ, ಇವರಿಂದ ಒಂದು ಬೈಗುಳ, ಅಷ್ಟೇ — ಆದರೆ ನಾನು ಸೆರಗಿನ ತುದಿಯನ್ನು ಎಂಜಲಿನಿಂದ ಒದ್ದೆ ಮಾಡಿ, ಬೆರಳಿಗೆ ಸುತ್ತಿ, ಗಾಜನ್ನು ಒರೆಸಿದೆ. ಒಲೆಯ ಪಕ್ಕ ಚೆಲ್ಲಿದ ಹಾಲು ಒರೆಸುವಷ್ಟೇ ಚುರುಕಾಗಿ ಒರೆಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡೆ.

ನೀನು ಬಂದು ಟಾರ್ಚು ಬಿಟ್ಟು ನೋಡಿದೆ. ಗಾಜು ಥಳಥಳ. ಮತ್ತೆ ಓಡಿಸಿದೆ, ಗೆರೆಯ ಮೇಲೇ ಕತ್ತರಿಸಿತು. ಆಗ ನಿನ್ನ ಮುಖ — ಸರಿಹೋಯಿತಲ್ಲ ಎಂಬ ಸಂತೋಷ ಬಂದು, ಹಾಗಾದರೆ ಆಗ ಯಾಕೆ ಕೆಟ್ಟಿತು ಎಂಬ ಗಾಬರಿ ಅದನ್ನು ನುಂಗಿತು. ನಮ್ಮ ಮನೆಯವರಿಗೆ ಗಾಬರಿಯೂ ಉಳಿದಿರಲಿಲ್ಲ, ಬರೀ ಸಿಟ್ಟು.

“ಸಾಹುಕಾರರು ಇದ್ದಾಗ ಕೆಡೋದು, ಅವರು ಹೋದ್ಮೇಲೆ ಸರಿಹೋಗೋದು! ಇಂಥದ್ದನ್ನ ನಾನು ಯಾರಿಗೆ ಮಾರ್ಲಿ? ನಿನ್ನ ಕೈಕೆಲಸ ನಂಬಿ ಕೆಟ್ಟೆ ಕಣೋ ಪ್ರಭಾಕರ.”

ನೀನು ಟಾರ್ಚು ಆರಿಸಿ ಮೇಜಿನ ಮೇಲಿಟ್ಟೆ. ಹಿಂದಿನಿಂದ ಕೆಲಸದವನೊಬ್ಬ ಮೆಲ್ಲಗೆ ಅಂದ — “ಪೂಜೆಗೇ ನಿಲ್ದೋರ ಕೈಲಿ ಆಗೋದು ಇಷ್ಟೇ ಬಿಡು.” ಅದು ನಿನಗೆ ಕೇಳಿಸಿತು. ನಿನಗೆ ಕೇಳಿಸಿದ್ದನ್ನು ನಾನು ನೋಡಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುತ್ತಿದ್ದರು, ಜ್ವರ ಬಂದ ಎತ್ತು ನಾನು, ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ನಿಂತೇ ಇದ್ದೆ. ಗಾಜು ಒರೆಸಿದ್ದಕ್ಕಿಂತ ಆಗ ಬಾಯಿ ಮುಚ್ಚಿಕೊಂಡದ್ದೇ ನನ್ನ ದೊಡ್ಡ ಪಾಪ. ನೀನು ಹೊರಟುಹೋದೆ. ನಾನು ಕಟ್ಟಿಕೊಟ್ಟಿದ್ದ ಕಡ್ಲೆಪುರಿಯ ಪೊಟ್ಟಣ ಮೇಜಿನ ಮೇಲೇ ಇತ್ತು.

ಆಮೇಲೆ ಇವರು ಕರೆಂಟಿನ ಬುದ್ಧಿಯ ಸಹವಾಸವೇ ಬೇಡವೆಂದು ಗಾಜನ್ನೂ ಅದರ ವೈರುಗಳಿದ್ದ ಪೆಟ್ಟಿಗೆಯನ್ನೂ ಬಿಚ್ಚಿ ಅಟ್ಟಕ್ಕೆ ಹಾಕಿದರು. ಚಿತ್ರವಿಲ್ಲದ ಬರೀ ಪ್ಲಾಸ್ಟಿಕ್ ಕತ್ತರಿಸುವ ಮಿಷನ್ನು ಮಾಡಿದರು. ಕಾಫಿಪುಡಿಯವರು ಕೊಂಡರು, ಸೀಗೆಪುಡಿಯವರು ಕೊಂಡರು. ನಿಧಾನವಾಗಿಯಾದರೂ ಬೆಳೆಯಿತು, ಪಕ್ಕದ ರಾಗಿ ಹೊಲದ ಮೇಲೂ ಶೆಡ್ಡು ಎದ್ದಿತು, ಮಿಷನ್ನುಗಳು ಲಾರಿ ಹತ್ತಿ ಹುಬ್ಬಳ್ಳಿಗೂ ಕೊಯಮತ್ತೂರಿಗೂ ಹೋದವು. ಪ್ರತಿ ಆಯುಧಪೂಜೆಗೂ ಬೂದುಗುಂಬಳ ಒಡೆಯುವಾಗ ನಾನು ಮಾತ್ರ ಹಿಂದೆ ಸರಿದು ನಿಲ್ಲುತ್ತಿದ್ದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ — ನನ್ನ ಪಾಡೂ ಅದೇ.

ಕಾಲ ಬದಲಾಯಿತು, ಎಲ್ಲರಿಗೂ ಚಿತ್ರದ ಪೊಟ್ಟಣವೇ ಬೇಕಾಯಿತು. ಆ ಗಾಜಿನ ಪೆಟ್ಟಿಗೆಗಳನ್ನು ಹೊರಗಿನಿಂದ ತರಿಸಬೇಕಾಯಿತು. ಬನಶಂಕರಿಯಲ್ಲಿ ಯಾರೋ ಚೆನ್ನಾಗಿ ಮಾಡುತ್ತಾರಂತೆ ಎಂದು ಏಜೆಂಟನೊಬ್ಬ ತಂದುಕೊಟ್ಟ. ಮುಚ್ಚಳ ತೆಗೆದು ವೈರು ಕಟ್ಟಿದ ರೀತಿ ನೋಡಿದ ಕೂಡಲೇ ಇವರಿಗೆ ಗೊತ್ತಾಯಿತು, ನಿನ್ನ ಕೈ ಎಂದು. ಇನ್ನೂ ಹತ್ತು ಬೇಕೆಂದು ಹೇಳಿ ಕಳಿಸಿದರು. ನೀನೂ ಸ್ವಂತ ಕಾರ್ಖಾನೆ ಕಟ್ಟಿದ್ದೀಯ ಎಂದು ತಿಳಿದ ದಿನ ನಾನು ದೇವರ ಮುಂದೆ ತುಪ್ಪದ ದೀಪ ಹಚ್ಚಿದೆ. ದೀಪ ಹಚ್ಚಿದರೆ ಬಾಯಿ ಬಿಟ್ಟಂತಾಗುವುದಿಲ್ಲವಲ್ಲ.

ಮೊನ್ನೆ ಜಯನಗರ ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸಿನಲ್ಲಿ ನೀನು ಸಿಕ್ಕಿದೆ. ನಾನು ಮುಖ ತಪ್ಪಿಸುವ ಮೊದಲೇ “ಅತ್ತಿಗೆ!” ಎಂದು ನನ್ನ ಕೈಯ ಚೀಲ ತೆಗೆದುಕೊಂಡೆ. ಕೂದಲು ನರೆತಿದೆ, ನಗು ಅದೇ. ನಿನ್ನ ಪೆಟ್ಟಿಗೆಗಳು ಒಂದೂ ಕೆಟ್ಟಿಲ್ಲಪ್ಪ ಎಂದು ನಾನು ಹೊಗಳಿದೆ. ಅದಕ್ಕೆ ನೀನು ಅಂದೆಯಲ್ಲ —

“ಆ ಮೊದಲನೇದ್ರಲ್ಲಿ ತಪ್ಪೆಲ್ಲಿತ್ತು ಅಂತ ಇವತ್ತಿಗೂ ಗೊತ್ತಾಗಿಲ್ಲ ಅತ್ತಿಗೆ. ಅದಕ್ಕೇ ಈಗ್ಲೂ ಒಂದೊಂದನ್ನೂ ಪದೇ ಪದೇ ಬಿಚ್ಚಿ ನೋಡ್ತೀನಿ. ಆದ್ರೂ ಕಳಿಸೋವಾಗ ಎದೆ ಡವ ಡವ ಅನ್ನುತ್ತೆ.”

ನಾನು ದಂಟಿನ ಸೊಪ್ಪಿನ ರೇಟು ಕೇಳಿದೆ. ಹೌದು, ಅದನ್ನೇ ಕೇಳಿದೆ. ಇಲ್ಲದ ತಪ್ಪೊಂದನ್ನು ನೀನು ಇಷ್ಟು ವರ್ಷ ಹುಡುಕುತ್ತಲೇ ಇದ್ದೀಯ, ನಾನು ಸೊಪ್ಪು ಕೊಂಡು ಮನೆಗೆ ಬಂದೆ.

ಆ ಸೊಪ್ಪು ಸೋಸಲು ಆಗಲಿಲ್ಲ. ಊಟಕ್ಕೆ ಕೂತ ಇವರಿಗೆ ಅನ್ನ ಬಡಿಸುವ ಮೊದಲೇ ಎಲ್ಲವನ್ನೂ ಹೇಳಿಬಿಟ್ಟೆ. ಖಾಲಿ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. ಬೈಯುತ್ತಾರೆ ಎಂದುಕೊಂಡೆ. “ಕುಂಕುಮ ಇಟ್ಟಿದ್ದು ನೀನು. ಅವನ ಕೈಕೆಲಸ ನಂಬಿ ಕೆಟ್ಟೆ ಅಂದಿದ್ದು ನಾನೇ ಅಲ್ವೇನೆ?” ಎಂದರು. ಎದ್ದು ಶೆಡ್ಡಿಗೆ ಹೊರಟರು. ನಾನೂ ಹಿಂದೆ ಹೋದೆ.

ಆ ಮೊದಲ ಮಿಷನ್ನು ಇನ್ನೂ ಮೂಲೆಯಲ್ಲಿದೆ, ವರ್ಷಕ್ಕೊಮ್ಮೆ ಹಾರ ಹಾಕಿಸಿಕೊಂಡು. ಇವರು ಅಟ್ಟದಿಂದ ನಿನ್ನ ಹಳೆಯ ಪೆಟ್ಟಿಗೆ ಇಳಿಸಿದರು, ಸಾಹುಕಾರರ ಪುಡಿಯ ಚಿತ್ರವಿದ್ದ ಸುರುಳಿಯೂ ಸಿಕ್ಕಿತು, ಗೆರೆಯಿಲ್ಲದ ಕಡೆಯ ಅಂಚನ್ನು ಇಲಿ ತಿಂದಿತ್ತು. ವೈರು ಜೋಡಿಸಿದರು. ಗಾಜಿನ ಧೂಳನ್ನು ಒರೆಸುವ ಕೆಲಸ ನನಗೇ ಬಿಟ್ಟರು. ಈ ಸಲ ಸೆರಗಲ್ಲ, ಒಗೆದ ಬಿಳಿ ಬಟ್ಟೆಯಿಂದ ಒರೆಸಿದೆ. ಸ್ವಿಚ್ಚು ಹಾಕಿದ ಮೇಲೆ ಮಿಷನ್ನು ಸ್ವಲ್ಪ ಗೊಣಗಿ, ಆಮೇಲೆ ಹಳೆಯ ಲಯಕ್ಕೆ ಬಿತ್ತು. ನಾವಿಬ್ಬರೂ ಸುರುಳಿ ಮುಗಿಯುವವರೆಗೆ ನೋಡುತ್ತಾ ನಿಂತಿದ್ದೆವು.

ಭಾನುವಾರ ಬೆಳಿಗ್ಗೆ ಇಬ್ಬರೂ ಬನಶಂಕರಿಗೆ ಬರುತ್ತೇವೆ. ಕ್ಷಮಿಸು ಎಂದು ನಿನ್ನ ಮೇಲೆ ಭಾರ ಹಾಕಲು ಅಲ್ಲ. ಬಾಗಿಲು ತೆಗೆಯುವುದೂ ಬಿಡುವುದೂ ನಿನ್ನಿಷ್ಟ. ಬರುವ ಆಯುಧಪೂಜೆಯ ದಿನ, ಹೂ ಹಾಕುವ ಮೊದಲು, ಶೆಡ್ಡಿನವರೆಲ್ಲರ ಮುಂದೆ ಇದನ್ನು ನಾನು ಹೇಳುತ್ತೇನೆ. ಅಂದು ಹಿಂದಿನಿಂದ ಆ ಮಾತಾಡಿದ ಕೆಲಸದವನು ಈಗಲೂ ನಮ್ಮಲ್ಲೇ ಇದ್ದಾನೆ, ಅವನೂ ಕೇಳಲಿ.

ಬರುವಾಗ ಆ ಹಳೆಯ ಸುರುಳಿಯಿಂದ ಕತ್ತರಿಸಿದ ಪೊಟ್ಟಣಗಳನ್ನು ತರುತ್ತೇನೆ, ಒಂದನ್ನೂ ಆರಿಸದೆ, ಬಿದ್ದ ಹಾಗೇ ಎಲ್ಲವನ್ನೂ. ನೀನೇ ಒಂದೊಂದಾಗಿ ನೋಡು. ಪ್ರತಿಯೊಂದರಲ್ಲೂ ಆ ಹೆಂಗಸಿನ ತಲೆ ಇರಬೇಕಾದ ಜಾಗದಲ್ಲೇ ಇದೆ, ಪ್ರಭಾಕರ. ನಿನ್ನ ಮೊದಲನೆಯದರಲ್ಲಿ ತಪ್ಪಿರಲಿಲ್ಲ.