ದೀಪಕ್ಕೆ ಸೆರಗು ಹೊದಿಸುವ ಚಲುವಮ್ಮ

ಕೋಳಿ ಕೂಗಿ ಆಗಿದೆ, ಬೆಳಕು ಮಾತ್ರ ಇನ್ನೂ ಮನಸ್ಸು ಮಾಡಿಲ್ಲ. ನಂಜನಗೂಡು ತಾಲ್ಲೂಕಿನ ಅಂಚಿನಲ್ಲಿ, ಬಂಡೀಪುರದ ಕಾಡಿಗೆ ಬೆನ್ನು ಕೊಟ್ಟು ಕೂತ ಊರದು. ಅಲ್ಲಿನ ಶಾಲೆ ಮೈದಾನದ ನಟ್ಟನಡುವೆ ಚಲುವಮ್ಮ ನಿಂತಿದ್ದಾರೆ. ಅವರು ನೋಡುತ್ತಿರುವುದು ಆಕಾಶವನ್ನಲ್ಲ, ಊರನ್ನು. ಒಂದೊಂದೇ ಮನೆಯ ಕಡೆ ತಿರುಗುತ್ತಾರೆ, ಕುಕ್ಕರಗಾಲಲ್ಲಿ ಕೂತು ನೋಡುತ್ತಾರೆ, ಎದ್ದು ಮತ್ತೆ ನೋಡುತ್ತಾರೆ. ಜಗಲಿಗಳ ಮೇಲೆ ಬೆಳಕಿದೆ, ಕಟ್ಟಿದ ಎಮ್ಮೆಯ ಬೆನ್ನಿನ ಮೇಲೂ ಇದೆ. ಬಲ್ಬು ಮಾತ್ರ ಎಲ್ಲೂ ಕಾಣುವುದಿಲ್ಲ. ಮೂಲೆ ಮನೆಯದೊಂದನ್ನು ಬಿಟ್ಟು. ಅದು ನೇರ ಬಂದು ಕಣ್ಣಿಗೆ ಚುಚ್ಚುತ್ತದೆ.

"ಅದೊಂದು ನೋಡಿ, ತಲೆ ಮೇಲೆ ಸೆರಗಿಲ್ದೆ ನಿಂತದೆ," ಎನ್ನುತ್ತಾರೆ.

ಬೇರೆ ದಿನಗಳಲ್ಲಿ ಚಲುವಮ್ಮ ಇದೇ ಶಾಲೆಯ ಬಿಸಿಯೂಟದ ಅಡುಗೆಯವರು. ಅಮಾವಾಸ್ಯೆ ಹತ್ತಿರವಾದಾಗ ಅವರಿಗೆ ಇನ್ನೊಂದು ಕೆಲಸ. ಮೈಸೂರಿನ ಹವ್ಯಾಸಿಗಳ ಗುಂಪೊಂದು ಇಲ್ಲಿಗೆ ಟೆಲಿಸ್ಕೋಪು ತಂದು, ಬಂದವರಿಗೆಲ್ಲ ಗ್ರಹ, ನಕ್ಷತ್ರ ತೋರಿಸುತ್ತದೆ. ಕತ್ತಲಾದ ಮೇಲೆ ಕಾಡಿನೊಳಗೆ ಬಿಡುವುದಿಲ್ಲವಾದ್ದರಿಂದ ಕಾಡಂಚಿನ ಈ ಮೈದಾನ. ಇಲ್ಲಿ ಬೇಕಾದದ್ದು ಒಂದೇ, ಕತ್ತಲೆ. ಅದನ್ನು ಒದಗಿಸುವವರು ಚಲುವಮ್ಮ.

ಮೊದಲ ಸಲ ಅವರು ಮಾಡಿದ ತಪ್ಪು ಸಣ್ಣದಲ್ಲ. ಅಮಾವಾಸ್ಯೆಯ ದಿನ, ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ, ಮನೆಮನೆಯ ಹೊಸಿಲ ಮುಂದೆ ನಿಂತು ದೀಪ ಆರಿಸಿ ಎಂದರು. ಲಕ್ಷ್ಮಿ ಒಳಗೆ ಬರುವ ಹೊತ್ತು ಅದು. ಮೂಲೆ ಮನೆಯ ಪುಟ್ಟಮಾದಮ್ಮ ಪೊರಕೆ ಎತ್ತಿಕೊಂಡರಂತೆ. ಬೈದು ಬೈದು, ಕೊನೆಗೆ ಚಲುವಮ್ಮನ ಮುಖ ನೋಡಿ ಸ್ವಿಚ್ಚು ಒತ್ತಿದರು. ಅವತ್ತೇ ರಾತ್ರಿ ಆನೆಯೊಂದು ಕಾಡಂಚಿಗೆ ತೋಡಿದ ಕಂದಕ ದಾಟಿತು. ಬೆಳಗಾದಾಗ ಪುಟ್ಟಮಾದಮ್ಮನ ಬಾಳೆತೋಟ ನೆಲಕ್ಕೆ ಮಲಗಿತ್ತು.

"ಆನೆಗೆ ಬಲ್ಬು ಯಾವ ಲೆಕ್ಕ ಅಂತಾರೆ ಫಾರೆಸ್ಟ್‌ನೋರು. ಇರ್ಬೋದು. ಆದ್ರೆ ಆರ್ಸಿ ಅಂದೋಳು ನಾನೇ ಅಲ್ವಾ?"

ಅಲ್ಲಿಂದ ಇಬ್ಬರಿಗೂ ಮಾತಿಲ್ಲ. ನೀರು ಹಿಡಿಯುವುದು ಒಂದೇ ನಲ್ಲಿಯಲ್ಲಿ; ಕೊಡಗಳು ತಾಗುತ್ತವೆ, ಕಣ್ಣು ತಾಗುವುದಿಲ್ಲ.

ಚಲುವಮ್ಮನ ತವರು ಟಿ. ನರಸೀಪುರದ ಕಡೆಯ ಮೂಗೂರು. ತಂದೆಯದು ತಗಡಿನ ಕೆಲಸ. ಆಲಿಕೆ, ಮುಚ್ಚಳ, ಸೀಮೆಎಣ್ಣೆ ಬುಡ್ಡಿ ಮಾಡುತ್ತಿದ್ದರು. ಮಗಳ ಕೈಗೆ ಕತ್ತರಿ ಬಂದದ್ದು ಅಲ್ಲಿಂದ, ಉಪಾಯ ಬಂದದ್ದು ತಾಯಿಯಿಂದ. "ನಮ್ಮವ್ವ ಗಾಳೀಲಿ ಕೊಟ್ಗೆಗೆ ದೀಪ ತಕ್ಕೊಂಡೋಗುವಾಗ ಸೆರಗು ಅಡ್ಡ ಇಡಿಯೋಳು. ದೀಪಾನೂ ಆರ್ತಿರ್ಲಿಲ್ಲ, ನಮ್ ಕಣ್ಣಿಗೂ ಒಡೀತಿರ್ಲಿಲ್ಲ. ಇದ್ಯಾಕೆ ಮೊದ್ಲೇ ನೆಪ್ಪಾಗ್ನಿಲ್ವೋ!"

ಈಗ ನಂಜನಗೂಡಿನ ಹೋಟೆಲುಗಳ ಖಾಲಿ ಎಣ್ಣೆಡಬ್ಬಗಳು ಬಸ್ಸಿನಲ್ಲಿ ಬರುತ್ತವೆ. ಚಲುವಮ್ಮ ಅವನ್ನು ಕತ್ತರಿಸಿ, ಅಂಚು ಮಡಿಚಿ, ಒಳಮೈಯನ್ನು ಬೂದಿಯಲ್ಲಿ ಫಳಫಳ ತಿಕ್ಕಿ, ಬಲ್ಬಿನ ಮೇಲೆ ಕೂರಿಸುತ್ತಾರೆ. ಬೆಳಕು ಆರುವುದಿಲ್ಲ, ತಲೆ ತಗ್ಗಿಸಿ ಅಂಗಳ ನೋಡುತ್ತದೆ. ಸರಿಯಾಗಿ ಕೂತಿದೆಯೇ ಎಂದು ನೋಡಲು ಕತ್ತಲೆ ಬೇಕು. ಸಂಜೆ ಮನೆಗೆಲಸ ಬಿಡುವುದಿಲ್ಲ, ಹಾಗಾಗಿ ಈ ಬೆಳಗಿನ ಜಾವದ ತಪಾಸಣೆ.

ಇವತ್ತು ಸಂಜೆ ನರಸೀಪುರದಿಂದ ಒಂದು ಬಸ್ಸು ಮಕ್ಕಳು ಶನಿಗ್ರಹ ನೋಡಲು ಬರುತ್ತಾರೆ. ಗುಂಪಿನ ದಿವ್ಯ ಫೋನಿನಲ್ಲಿ ಹೇಳಿಯಾಗಿದೆ: "ಆ ಮೂಲೆ ಲೈಟು ಹೀಗೇ ಇದ್ರೆ ಮುಂದಿನ ಸಲದಿಂದ ಬೇರೆ ಜಾಗ ನೋಡ್ಬೇಕಾಗುತ್ತೆ ಅಕ್ಕ." ಹಾಗಾದರೆ ಈ ಊರಿಗೆ ಟೆಲಿಸ್ಕೋಪು ಮತ್ತೆ ಬರುವುದಿಲ್ಲ. ಬೆಳಕಾಗುವ ಮೊದಲೇ ಚಲುವಮ್ಮ ಏಣಿ ಹೊತ್ತು ಮೂಲೆ ಮನೆಗೆ ನಡೆಯುತ್ತಾರೆ.

"ಬಂದ್ಯಾ, ಶನೀನ ಕರ್ಸೋಳೆ?" ಪುಟ್ಟಮಾದಮ್ಮ ಒಳಗಿಂದಲೇ ಶುರು ಮಾಡುತ್ತಾರೆ. "ಶನಿ ಬಿಟ್ಟೋಗ್ಲಿ ಅಂತ ಜನ ಎಳ್ಳೆಣ್ಣೆ ಅಚ್ತಾರೆ. ನಿಮ್ಮೋರು ಬಸ್ ಮಾಡ್ಕೊಂಡು ಬಂದು ಕಣ್ತುಂಬ ನೋಡ್ತಾರಂತಲ್ಲ!"

"ಆರ್ಸು ಅನ್ನಾಕೆ ಬಂದಿಲ್ಲ ಕಣಕ್ಕ. ಇದ ನೋಡು."

"ಎಣ್ಣೆಡಬ್ಬ! ನನ್ಗೂ ಟೋಪಿ ಆಕಾಕೆ ಬಂದ್ಯಾ?"

ಚಲುವಮ್ಮ ಏಣಿ ಹತ್ತುತ್ತಾರೆ. ಈ ಡಬ್ಬದ ಒಂದು ಮಗ್ಗುಲನ್ನು ಬೇರೆ ಥರ ಕತ್ತರಿಸಿದ್ದಾರೆ. ಮೈದಾನದ ಕಡೆ ಉದ್ದ, ಬಾಳೆಯ ಕಡೆ ಗಿಡ್ಡ. ಇಷ್ಟು ದಿನ ಆಕಾಶಕ್ಕೆ ಸೋರುತ್ತಿದ್ದ ಬೆಳಕು ಹೊಸ ಬಾಳೆಗಿಡಗಳ ಬುಡಕ್ಕೆ, ಅಲ್ಲಿಂದ ಕಂದಕದ ಅಂಚಿನವರೆಗೂ ಹರಿಯುತ್ತದೆ. ಪುಟ್ಟಮಾದಮ್ಮ ಹೊರಗೆ ಬಂದು ಆ ಅಂಚನ್ನೇ ನೋಡುತ್ತಾರೆ. ಹಿಂದೆ ಅದು ಕಾಣುತ್ತಿರಲಿಲ್ಲ.

"ಇವತ್ತು ಏನಾರ ನುಗ್ತು ಅಂದ್ರೆ?"

"ನಾನೇ ಕಾವಲು ಕೂತ್ಕತೀನಿ."

"ಕೂತ್ಕೊ. ತೂಕಡಿಸ್ದೆ ಅಂದ್ರೆ ಅದೇ ಡಬ್ಬ ನಿನ್ ತಲೆ ಮೇಲೆ ಮಗುಚ್ತೀನಿ."

ಹೀಗಾಗಿ ಸಂಜೆ ಊರೆಲ್ಲ ಟೆಲಿಸ್ಕೋಪಿನ ಹಿಂದೆ ಸಾಲು ನಿಂತಾಗ ಚಲುವಮ್ಮ ಪುಟ್ಟಮಾದಮ್ಮನ ಜಗಲಿಯ ಮೇಲೆ, ಬಾಳೆಯ ಕಡೆ ಮುಖ ಮಾಡಿ ಕೂತಿದ್ದಾರೆ. ಮೈದಾನದಿಂದ ಮಕ್ಕಳ 'ಓ' ಎಂಬ ಕೂಗು ತೇಲಿ ಬರುತ್ತದೆ. ಪುಟ್ಟಮಾದಮ್ಮನಿಗೆ ತಡೆಯಲಾಗುವುದಿಲ್ಲ.

"ಯಾಕಮ್ಮಿ ಅಂಗೆ ಕೂಗ್ತವೆ?"

"ಬಳೆ ಕಂಡಿರ್ಬೇಕು. ಶನೀಗೆ ಬಳೆ ಅದೆ ಕಣಕ್ಕ."

"ಅಷ್ಟು ದೂರ ಓಗಿ ತೊಡ್ಸಿದ ಬಳೆಗಾರ ಯಾರಮ್ಮಿ?"

ಇಬ್ಬರೂ ನಗುತ್ತಾರೆ. ನಕ್ಕ ಮೇಲೆ ಪುಟ್ಟಮಾದಮ್ಮ ಒಳಗೆ ಹೋಗಿ ಎರಡು ಲೋಟ ಕಾಫಿ ತರುತ್ತಾರೆ. ಬಾಳೆಯ ಕಡೆಯಿಂದ ಏನೂ ಬರುವುದಿಲ್ಲ.

ಮುಂದೇನು ಆಸೆ ಎಂದರೆ ಚಲುವಮ್ಮ ಮೂಗೂರಿನ ಮಾತು ತೆಗೆಯುತ್ತಾರೆ. "ಅವ್ವನ ಮನೆ ಮುಂದೆ ದೊಡ್ಡ ಬೀದಿ ದೀಪ ಬಂದದೆ. ನಾನು ಚಿಕ್ಕೋಳಿದ್ದಾಗ ಅಲ್ಲೇ ಮಲಗಿ ಚುಕ್ಕಿ ನೋಡ್ತಿದ್ದೆ. ಈಗ ದೀಪ ಬಿಟ್ರೆ ಏನೂ ಕಾಣಾಕಿಲ್ಲ. ಪಂಚಾಯ್ತಿಯೋರು ಊಂ ಅಂದ್ರೆ ಅದ್ಕೂ ಒಂದು ಸೆರಗು ಒದಿಸ್ಬೇಕು."

ಮಾರನೆಯ ಬೆಳಗಿನ ಜಾವ ಅವರು ಮತ್ತೆ ಮೈದಾನದ ನಡುವೆ. ಕೂತು, ಎದ್ದು, ಮೂಲೆ ಮನೆಯತ್ತ ಕಣ್ಣು ಕಿರಿದು ಮಾಡುತ್ತಾರೆ. ಆ ಕಡೆಯ ಕತ್ತಲೆಯೊಳಗೆ ಒಂದು ಅಂಗಳ ಮಾತ್ರ ಬೆಳಗಿದೆ. ಅಲ್ಲಿ ಪುಟ್ಟಮಾದಮ್ಮ ಪೊರಕೆ ಹಿಡಿದು ಕಸ ಗುಡಿಸುತ್ತಿದ್ದಾರೆ. ನಡು ನೆಟ್ಟಗೆ ಮಾಡಿಕೊಂಡು ಅವರೇ ಕೂಗುತ್ತಾರೆ:

"ಕಾಣ್ತದೇನಮ್ಮಿ?"

"ಬಲ್ಬು ಕಾಣಾಕಿಲ್ಲ ಕಣಕ್ಕ," ಚಲುವಮ್ಮ ಕೂಗಿ ಹೇಳುತ್ತಾರೆ. "ನೀನು ಕಾಣ್ತಿದ್ದೀಯ."