ಅತ್ತೆಯ ತಳ್ಳುಗಾಡಿಗೆ ಟ್ಯೂಬು ಹುಡುಕಿದ್ದು

ಇದರಲ್ಲಿ ಕೆಲವು ವಿವರ ನನಗೆ ತಪ್ಪಾಗಿ ನೆನಪಿರಬಹುದು. ಆಯುಧಪೂಜೆಯ ಮಾರನೇ ದಿನವೇ ಗಾಡಿಯ ಗಾಳಿ ಹೋಯಿತೆಂದು ನಾನು ನಂಬಿದ್ದೇನೆ; ಎರಡು ದಿನ ಬಿಟ್ಟು ಎನ್ನುತ್ತಾರೆ ನನ್ನ ಗಂಡ. ನನ್ನ ದಿನಚರಿಯನ್ನು ಕೇಳೋಣವೆಂದರೆ ಅದರಲ್ಲಿ ಆ ವಾರವೆಲ್ಲ ಒಬ್ಬಟ್ಟು ತಿಂದ ವಿಷಯ ಮಾತ್ರ ಇದೆ. ಬರೆದಿಟ್ಟದ್ದಕ್ಕಿಂತ ಬರೆಯದೆ ಬಿಟ್ಟದ್ದೇ ನನಗೆ ಸ್ಪಷ್ಟವಾಗಿ ನೆನಪಿದೆ ಎಂಬುದು ಯಾಕೋ ಅನುಮಾನದ ಸಂಗತಿ.

ಗಾಡಿ ನನ್ನ ಅತ್ತೆಯದು. ಹೊಳೆನರಸೀಪುರದಿಂದ ಅರಕಲಗೂಡಿಗೆ ಹೋಗುವ ದಾರಿಯ ಒಂದು ಹಳ್ಳಿಯಲ್ಲಿ ಅವರು ಹಿರಿಯ ಮಗನ ಜೊತೆ, ಅಂದರೆ ನನ್ನ ಭಾವನ ಜೊತೆ, ಇದ್ದಾರೆ. ನಾವಿರುವುದು ಹಾಸನದಲ್ಲಿ. ಅತ್ತೆಗೆ ಒಂದು ಹಸು ಇದೆ, ಎರಡು ನೋಯುವ ಮಂಡಿಗಳಿವೆ. ಡೈರಿ ಇರುವುದು ಊರಿನ ಆ ತುದಿಯಲ್ಲಿ. ಹಾಲಿನ ಕ್ಯಾನು ಹಿಡಿದು ಹೋಗುವಾಗ ಎಲ್ಲಾದರೂ ಬಿದ್ದಾರೆಂದು ಹೆದರಿ ಭಾವ ಹಸು ಮಾರಲು ಹೊರಟಿದ್ದರು. ಅತ್ತೆ ಒಪ್ಪಲಿಲ್ಲ. ತಾನು ಹಾಕಿಬರುತ್ತೇನೆ ಎಂದು ಭಾವ ಹೇಳಿದರೆ, ನನ್ನ ಹಸುವಿನ ಹಾಲನ್ನು ನಾನೇ ಹಾಕುವುದು ಎಂದರು. ಕೊನೆಗೆ ಜಗಲಿಯ ಮೇಲೆ ಎಲ್ಲರ ಮುಂದೆ ಒಂದು ಒಪ್ಪಂದವಾಯಿತು.

"ಡೈರಿಗೆ ಆಲು ನೀನೇ ತಕ್ಕಂಡೋಗೋವರ್ಗೂ ಹಸ ಇರ್ಲಿ ಕಣವ್ವ" ಎಂದರು ಭಾವ. "ಆಗ್ದೇ ಇದ್ರೆ ಆಮೇಲ್ ಬರೋ ಸಂತೆಗೆ ಮಾರ್ಬುಡದೇಯ."

ಅತ್ತೆ ಹೂಂ ಎಂದರು. ಮುಂದಿನ ಸಲ ಹೋಗುವಾಗ ನಾನು ಹಾಸನದಿಂದ ಒಂದೇ ಚಕ್ರದ ತಳ್ಳುಗಾಡಿ ಒಯ್ದೆ, ಮನೆ ಕಟ್ಟುವಲ್ಲಿ ಮರಳು ಸಾಗಿಸುತ್ತಾರಲ್ಲ, ಅಂಥದು. ಅತ್ತೆ ಅದರೊಳಗೆ ಗೋಣಿಚೀಲ ಹಾಸಿ, ಕ್ಯಾನು ಕೂರಿಸಿ, ಎರಡೂ ಹಿಡಿಗಳನ್ನು ಹಿಡಿದು ನಡೆದರೆ ಮಂಡಿಗೂ ಆಸರೆಯಾಯಿತು. ಊರಿನವರು ಮೊದಲು ನಕ್ಕರು. ಆಮೇಲೆ ತಮ್ಮ ಹಿಂಡಿಮೂಟೆಗಳನ್ನೂ ಅದರಲ್ಲೇ ಹಾಕಿ ಕಳಿಸತೊಡಗಿದರು.

ಆಯುಧಪೂಜೆಗೆ ಭಾವ ಟ್ರಾಕ್ಟರು, ಬೈಕು, ಪಂಪ್‌ಸೆಟ್ಟು ತೊಳೆದು ಸಾಲಾಗಿ ಸಿದ್ಧಮಾಡಿದಾಗ ಅತ್ತೆ ತಮ್ಮ ಗಾಡಿಯನ್ನು ಟ್ರಾಕ್ಟರಿಗಿಂತ ಮುಂದೆ ನಿಲ್ಲಿಸಿದರು. ಅದಕ್ಕೂ ವಿಭೂತಿ, ಕುಂಕುಮ, ಚೆಂಡುಹೂವು ಆಯಿತು. ಎಲ್ಲ ಚಕ್ರಗಳ ಕೆಳಗೂ ನಿಂಬೆಹಣ್ಣಿಟ್ಟು ಹತ್ತಿಸಿದೆವು. ತಳ್ಳುಗಾಡಿಯ ಹಣ್ಣು ಮಾತ್ರ ಒಡೆಯಲಿಲ್ಲ, ಚಕ್ರದ ಪಕ್ಕಕ್ಕೆ ಜಾರಿ ಜಾರಿ ಹೋಯಿತು. ಹಣ್ಣು ಒಡೆಯದಿದ್ದರೆ ಅಪಶಕುನವೆಂದು ಅತ್ತೆ ಹಟ ಹಿಡಿದು, ಭಾರಕ್ಕೆಂದು ಭಾವನನ್ನೇ ಗಾಡಿಯೊಳಗೆ ಕೂರಿಸಿದರು. ಹೊಸ ಪಂಚೆ ಉಟ್ಟು ಕಾಲು ಮಡಚಿ ಕೂತ ಭಾವನನ್ನು ನನ್ನ ಗಂಡ ತಳ್ಳಿದರು, ನಿಂಬೆಹಣ್ಣು ಪಚಕ್ಕೆಂದಿತು. ಕೂತದ್ದು ತಾನಲ್ಲ, ತಮ್ಮ ಎಂದು ಭಾವ ಈಗ ವಾದಿಸುತ್ತಾರೆ. ಫೋಟೋ ತೆಗೆಯಲು ಯಾರಿಗೂ ತೋಚಲಿಲ್ಲ.

ಹಬ್ಬ ಮುಗಿದ ಮೇಲೆ, ಅದು ಮಾರನೇ ದಿನವೋ ಮತ್ತೊಂದೋ, ಬೆಳಿಗ್ಗೆ ನೋಡಿದರೆ ಟೈರು ನೆಲಕ್ಕೆ ಅಂಟಿತ್ತು.

"ಇವ್ನೇ ಗಾಳಿ ಬುಟ್ಟವ್ನೆ" ಎಂದರು ಅತ್ತೆ, ಬೀದಿಗೆಲ್ಲ ಕೇಳುವಂತೆ.

ಭಾವ ಧರ್ಮಸ್ಥಳದ ಮೇಲೆ ಆಣೆ ಇಟ್ಟರು. ಅತ್ತೆ ಕಿವಿಗೊಡದೆ ಆ ಚಪ್ಪಟೆ ಚಕ್ರದಲ್ಲೇ ಗಾಡಿ ತಳ್ಳಿಕೊಂಡು ಹೊರಟರು. ಅದು ಕುಡಿದವರ ಹಾಗೆ ತೂರಾಡಿತು. ಡೈರಿ ಮುಟ್ಟುವುದರೊಳಗೆ ಹಾಲೆಲ್ಲ ಬೆಣ್ಣೆಯಾಗುತ್ತದೆ ಎಂದು ಭಾವ ಹಿಂದಿನಿಂದ ಗೊಣಗಿದರು. ಸಂಜೆ ಅತ್ತೆಗೆ ಮಂಡಿ ಊದಿತು. ಹೀಗೆ ಇನ್ನು ಎರಡು ದಿನ ತಳ್ಳಿದರೆ ಅವರು ಮಲಗುತ್ತಾರೆ, ಹಸು ಸಂತೆಗೆ ಹೋಗುತ್ತದೆ ಎಂಬುದು ನಮಗೆಲ್ಲ ಗೊತ್ತಿತ್ತು.

ಟ್ಯೂಬಿನ ಹುಡುಕಾಟ ಶುರುವಾಯಿತು. ಹಳೆಯದು ಸೀಳಿಕೊಂಡಿತ್ತು, ತೇಪೆಗೆ ಬಗ್ಗುವಂತಿರಲಿಲ್ಲ. ಹೊಳೆನರಸೀಪುರದ ಸೈಕಲ್ ಅಂಗಡಿಯಲ್ಲಿ, ಇಷ್ಟು ದಪ್ಪದ್ದು ಸೈಕಲ್ಲಿಗೆ ಬರುವುದಿಲ್ಲ ಎಂದರು. ಗಾಡಿ ಕೊಂಡ ಹಾಸನದ ಅಂಗಡಿಗೆ ನನ್ನ ಗಂಡ ಫೋನು ಮಾಡಿದರೆ, ಟ್ಯೂಬು ಇಲ್ಲ, ಇಡೀ ಗಾಡಿ ಇದೆ ಎಂಬ ಉತ್ತರ ಬಂತು. ಅಪವಾದ ಕಳೆದುಕೊಳ್ಳಲು ಭಾವ ಚನ್ನರಾಯಪಟ್ಟಣದವರೆಗೂ ಹೋಗಿ ಸ್ಕೂಟರಿನ ಟ್ಯೂಬು ತಂದರು. ಅದು ಟೈರಿನೊಳಗೆ ಮಡಚಿಕೊಂಡು ಸುತ್ತಿದ ಹಾವಿನಂತಾಯಿತು. ಬೇಕೆಂದೇ ದೊಡ್ಡದು ತಂದ ಎಂದು ಅತ್ತೆ ಆಪಾದನೆಗೆ ಇನ್ನೊಂದು ಸಾಲು ಸೇರಿಸಿದರು.

ಅರಕಲಗೂಡಿನ ಕಡೆ ಶುಂಠಿ ಹೊಲಗಳಲ್ಲಿ ಇಂಥ ಗಾಡಿ ಬಳಸುತ್ತಾರೆಂದು ಯಾರೋ ಹೇಳಿದ್ದರಿಂದ ನಾನೂ ಅತ್ತೆಯೂ ಆಟೋದಲ್ಲಿ ಹೊರಟೆವು. ಚಕ್ರ ನನ್ನ ತೊಡೆಯ ಮೇಲೆ. ಡ್ರೈವರು ಅತ್ತೆಯ ಊರಿನವರೇ. ದಾರಿಯುದ್ದಕ್ಕೂ ಅತ್ತೆ ಅವರಿಗೆ ಮಗನ ಕುತಂತ್ರವನ್ನು ವಿವರಿಸಿದರು. ಅರ್ಧ ದಾರಿಯಲ್ಲಿ ಟೀ ಕುಡಿಯಲು ನಿಂತೆವು. ಚಕ್ರವನ್ನು ಆಟೋದ ಮುಂದಿನ ಚಕ್ರಕ್ಕೆ ಒರಗಿಸಿ ನಾನು ಸೊಂಟ ನೆಟ್ಟಗೆ ಮಾಡಿಕೊಳ್ಳುತ್ತಿದ್ದೆ. ಎರಡೂ ಒಂದೇ ಎತ್ತರ ಕಂಡವು. ಬಗ್ಗಿ ನೋಡಿದರೆ ಎರಡು ಟೈರುಗಳ ಪಕ್ಕೆಯ ಮೇಲೂ ಒಂದೇ ಅಂಕಿ. ಮೊದಲು ಕಂಡದ್ದು ನನಗೆ ಎಂದು ನನ್ನ ನೆನಪು. ತಮಗೆ ಎಂದು ಅತ್ತೆ ಇವತ್ತಿಗೂ ಹೇಳುತ್ತಾರೆ.

"ಸ್ಟೆಪ್ನಿ ಟ್ಯೂಬು ನನ್ ಸೀಟಿನ್ ಕೆಳ್ಗೇ ಅದೆ" ಎಂದರು ಡ್ರೈವರು. "ಊರಲ್ಲೇ ಕೇಳ್ಬಾರ್ದಿತ್ತೇನಮ್ಮ?"

"ಇವ್ಳು ತೊಡೆ ಮ್ಯಾಲೆ ಚಕ್ರ ಮಡಿಕ್ಕಂಡ್ ಕುಂತವ್ಳೆ, ನೀನ್ಯಾಕ್ಲಾ ಕೇಳ್ನಿಲ್ಲ?" ಎಂದರು ಅತ್ತೆ.

ಟೀ ಅಂಗಡಿಯ ಮುಂದೆಯೇ ಬೋಲ್ಟು ಬಿಚ್ಚಿ ಆಟೋದ ಟ್ಯೂಬು ಹಾಕಿ, ಗಾಳಿ ತುಂಬಿಸಿ ವಾಪಸು ಬಂದೆವು. ಅತ್ತೆ ಗೆದ್ದವರಂತೆ ಭಾವನ ಮುಂದೆಯೇ ಗಾಡಿ ಉರುಳಿಸಿದರು.

ಬೆಳಿಗ್ಗೆ ಅದೂ ಚಪ್ಪಟೆ. ಮಾರನೇ ದಿನ ಸಂತೆ.

ಭಾವ ಎರಡೂ ಕೈ ಎತ್ತಿ ತೋರಿಸಿದರು. ಫೋನಿನಲ್ಲಿ ವಿಡಿಯೋ ನೋಡುತ್ತ ನಾನೇ ಚಕ್ರ ಬಿಚ್ಚಿದೆ. ಟ್ಯೂಬನ್ನು ಅದ್ದಿ ನೋಡಲು ಹತ್ತಿರ ಸಿಕ್ಕದ್ದು ಕಲಗಚ್ಚಿನ ಬಕೆಟ್ಟು. ಗುಳ್ಳೆ ಎಲ್ಲೆಂದು ಹುಡುಕುತ್ತಿರುವಾಗ ಹಸು ಬಂದು ಮೂತಿ ಇಟ್ಟಿತು, ಅದರ ಗುಳ್ಳೆಗಳೂ ಸೇರಿಕೊಂಡವು. ಹೇಗೋ ತೂತು ಸಿಕ್ಕಿತು, ಒಂದೇ ಒಂದು, ಸಣ್ಣದು. ಆ ಜಾಗವನ್ನು ಉಪ್ಪುಕಾಗದದಲ್ಲಿ ಉಜ್ಜಿ, ಸಲ್ಯೂಷನ್ ಹಚ್ಚಿ ತೇಪೆ ಹಾಕಿದೆ. ಮತ್ತೆ ಒಳಗೆ ಕೂರಿಸುವ ಮುಂಚೆ ಟೈರಿನ ಒಳಮೈಯನ್ನು ಕೈಯಿಂದ ಸವರಿ ನೋಡಬೇಕೆಂದು ವಿಡಿಯೋದವನು ಹೇಳಿದ. ಸವರಿದೆ. ಬೆರಳಿಗೆ ಚುಚ್ಚಿತು.

ಹೊರಗಿನಿಂದ ಇಕ್ಕಳದಲ್ಲಿ ಎಳೆದರೆ ಒಂದು ಸೇಫ್ಟಿ ಪಿನ್ನು ಬಂತು. ತಲೆಗೆ ಒಣಗಿದ ಚೆಂಡುಹೂವಿನ ಎಸಳು, ಮೇಲೆ ಕುಂಕುಮ. ಟೈರಿಗೆ ಹೂವು ನಿಲ್ಲದ್ದಕ್ಕೆ ಯಾರೋ ಪಿನ್ನು ಚುಚ್ಚಿ ನಿಲ್ಲಿಸಿದ್ದರು, ಭಾವನ ಭಾರ ಅದನ್ನು ಒಳಕ್ಕೆ ಇಳಿಸಿತ್ತು.

ನಾನು ಪಿನ್ನನ್ನು ಅಂಗೈ ಮೇಲಿಟ್ಟು ತೋರಿಸಿದೆ. ಭಾವ ಅದನ್ನು ನೋಡಿ, ಅತ್ತೆಯ ಕೈ ನೋಡಿ, ಹೋಗಿ ಹಸು ಒಳಗೆ ಬರಲೆಂದು ಕೊಟ್ಟಿಗೆಯ ಬಾಗಿಲು ತೆರೆದು ನಿಂತರು. ಅತ್ತೆಯ ಗಾಜಿನ ಬಳೆಗಳ ನಡುವೆ ಯಾವಾಗಲೂ ನಾಲ್ಕಾರು ಪಿನ್ನು ತೂಗುತ್ತಿರುತ್ತವೆ. ಅಷ್ಟರಲ್ಲಿ ಡೈರಿ ಮುಚ್ಚುವ ಹೊತ್ತಾಗಿತ್ತು. ಅತ್ತೆ ಕ್ಯಾನು ಕೂರಿಸಿಕೊಂಡರು. ಚಕ್ರ ಗಟ್ಟಿಯಾಗಿ, ಒಂದಿಷ್ಟೂ ಓಲಾಡದೆ ಉರುಳಿತು. ಹಸು ಉಳಿಯಿತು.

ನಾನು ಗೇಟಿನವರೆಗೆ ಜೊತೆಗೆ ನಡೆದು, ಯಾರಿಗೂ ಕೇಳದ ಹಾಗೆ ಕೇಳಿದೆ: "ಅತ್ತೆ, ಹೂವಿಗೆ ಪಿನ್ನು ಚುಚ್ಚಿದ್ದು ನೀವೇ ಅಲ್ವಾ?"

ಅವರು ಗಾಡಿ ನಿಲ್ಲಿಸಲಿಲ್ಲ. ಆಮೇಲೆ ಫೋನಿನಲ್ಲೂ ಕೇಳಿದ್ದೇನೆ. ಹಾಸನದಲ್ಲಿ ಮಳೆ ಬಂತಾ ಎನ್ನುತ್ತಾರೆ.